ಗುಯಿಲಿನ್‌ನಿಂದ ಲಾಂಗ್‌ಜಿ ಗದ್ದೆಗಳಿಗೆ ಒಂದೇ ದಿನದಲ್ಲಿ ಹೋಗಿ ಬರಬಹುದಾ? (ಜೊತೆಗೆ ಅಮ್ಮ, ಅಮ್ಮನ ಮೊಣಕಾಲು)

ದೂರತೀರ
ಎಲ್ಲರಿಗೂ ನಮಸ್ಕಾರ. ನಾನು ಚೀನಾದ ಗುವಾಂಗ್‌ಝೌದಲ್ಲಿ ಕೆಲಸದಲ್ಲಿದ್ದೇನೆ. ಸೆಪ್ಟೆಂಬರ್ ಕೊನೆಯಲ್ಲಿ ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬರುತ್ತಿದ್ದಾರೆ. ಬೀಜಿಂಗ್, ಶಾಂಘಾಯ್ ತೋರಿಸುತ್ತೇನೆ ಅಂದರೆ ಅಮ್ಮ ಬೇಡವೇ ಬೇಡ ಅನ್ನುತ್ತಿದ್ದಾರೆ. ಯಾರೋ ಕಳಿಸಿದ ವಿಡಿಯೊದಲ್ಲಿ ಲಾಂಗ್‌ಜಿಯ ಭತ್ತದ ಗದ್ದೆ ನೋಡಿದ್ದಾರೆ. "ಅಷ್ಟು ಕಡಿದಾದ ಗುಡ್ಡದಲ್ಲಿ ಅಂಚು ನಿಲ್ಲಿಸಿದ್ದು ಹೇಗೆ ಅಂತ ನೋಡಬೇಕು" ಅಂತ ಒಂದೇ ಹಟ. ಅವರು ನಲವತ್ತು ವರ್ಷ ಗದ್ದೆ ಕೆಲಸ ಮಾಡಿದವರು, ಹಾಗಾಗಿ ನನಗೂ ಇಲ್ಲ ಅನ್ನಲು ಮನಸ್ಸಿಲ್ಲ.

ನನ್ನ ಲೆಕ್ಕ ಇಷ್ಟು. ರೈಲಿನಲ್ಲಿ ಗುಯಿಲಿನ್, ರಾತ್ರಿ ಅಲ್ಲೇ ವಾಸ. ಮರುದಿನ ಬೆಳಗ್ಗೆ ಲಾಂಗ್‌ಜಿ, ಸಂಜೆ ಗುಯಿಲಿನ್‌ಗೆ ವಾಪಸ್. ಇದು ಆಗುವ ಮಾತಾ? ಪಿಂಗ್‌ಆನ್ ಹಳ್ಳಿಗೆ ಹೋಗಬೇಕೋ, ದಾಝಾಯ್ ಹಳ್ಳಿಗೋ? ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಚಾರಣಪ್ರಿಯೆ
ಆಗುತ್ತೆ. ಗುಯಿಲಿನ್‌ನಿಂದ ರಸ್ತೆಯಲ್ಲಿ ಎರಡು, ಎರಡೂವರೆ ಗಂಟೆ. ಟಿಕೆಟ್ ಗೇಟ್ ದಾಟಿದ ಮೇಲೂ ಬೆಟ್ಟದ ತಿರುವುಗಳಲ್ಲಿ ಇನ್ನೊಂದಷ್ಟು ಹೊತ್ತು. ಲಾಂಗ್‌ಜಿಗೆ ರೈಲಿಲ್ಲ, ಬಸ್ಸು ಅಥವಾ ಕಾರೇ ಗತಿ. ಏಳಕ್ಕೆ ಹೊರಟರೆ ಹತ್ತೂವರೆ ಹೊತ್ತಿಗೆ ಗದ್ದೆ ಮುಂದೆ ಇರುತ್ತೀರಿ.

ಮೊಣಕಾಲು ನೋವು ಅಂದಮೇಲೆ ದಾಝಾಯ್‌ಗೇ ಹೋಗಿ, ಯೋಚನೆ ಬೇಡ. ಅಲ್ಲಿ ಕೇಬಲ್ ಕಾರ್ ಇದೆ. ಕೆಳಗಿನಿಂದ ಸೀದಾ ಚಿನ್ನದ ಬುದ್ಧನ ಶಿಖರ ಅಂತ ಕರೆಯುವ ತುದಿಗೆ ಹೋಗುತ್ತೆ. ಇಳಿದ ಕೂಡಲೇ ಗದ್ದೆಗಳೆಲ್ಲ ಕಾಲ ಕೆಳಗೆ. ಪಿಂಗ್‌ಆನ್‌ನಲ್ಲಿ ವಾಹನ ನಿಲ್ಲುವ ಜಾಗದಿಂದ ಹಳ್ಳಿಗೇ ಕಲ್ಲು ಮೆಟ್ಟಿಲು ಹತ್ತಬೇಕು.

ಬಯಲುಸೀಮೆ ಹೈದ
ಪಿಂಗ್‌ಆನ್‌ನಲ್ಲಿ ಪಲ್ಲಕ್ಕಿ ಸಿಗುತ್ತೆ. ಇಬ್ಬರು ಹೊತ್ತುಕೊಂಡು ಹೋಗುತ್ತಾರೆ.

ಚಾರಣಪ್ರಿಯೆ
ಗದ್ದೆ ಕೆಲಸ ಮಾಡಿದ ಹೆಂಗಸನ್ನು ಪಲ್ಲಕ್ಕಿಯಲ್ಲಿ ಕೂರಿಸಿ ನೋಡಿ. ಹೊರುವವರ ಕಷ್ಟ ನೋಡಲಾಗದೆ ಅರ್ಧ ದಾರಿಯಲ್ಲೇ ಇಳಿದುಬಿಡುತ್ತಾರೆ.

ಲೆನ್ಸ್‌ಲೋಕ
ನನ್ನ ಅಭಿಪ್ರಾಯ ಕಟುವಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ದಿನಕ್ಕಾದರೆ ಹೋಗಲೇಬೇಡಿ. ಹಗಲು ಹೊತ್ತಿನಲ್ಲಿ ಹೋಗಿ ಹಗಲಲ್ಲೇ ಇಳಿದರೆ ಬಿಸಿಲು ನೆತ್ತಿಯ ಮೇಲಿರುತ್ತೆ, ಎಲ್ಲ ಚಪ್ಪಟೆಯಾಗಿ ಕಾಣುತ್ತೆ. ಆ ಗದ್ದೆಗಳ ಅಂದ ಇರುವುದು ಓರೆ ಬೆಳಕಿನಲ್ಲಿ. ದಾಝಾಯ್ ಮೇಲಿನ ತಿಯಾನ್‌ತೌ ಹಳ್ಳಿಯಲ್ಲಿ ಮರದ ಮನೆಗಳನ್ನೇ ಹೋಟೆಲ್ ಮಾಡಿದ್ದಾರೆ. ಒಂದು ರಾತ್ರಿ ಅಲ್ಲಿ ಉಳಿದು ಬೆಳಗಿನ ಜಾವ ನೋಡಿ. ಇಲ್ಲವಾದರೆ ಮನೆಯಲ್ಲಿ ಕೂತು ವಿಡಿಯೊ ನೋಡುವುದೇ ವಾಸಿ.

ತುಂಗಾತೀರದ ತರಲೆ
ಎಲ್ಲರೂ ಫೋಟೋಗ್ರಾಫರ್ ಅಲ್ಲ ಸ್ವಾಮಿ. ಅವರಮ್ಮನಿಗೆ ಬೇಕಾಗಿರುವುದು ಅಂಚು, ಓರೆ ಬೆಳಕಲ್ಲ.

ಲೆನ್ಸ್‌ಲೋಕ
ಅಂಚು ಕಾಣಬೇಕಾದರೂ ಬೆಳಕು ಬೇಕು ಸ್ವಾಮಿ.

ಅಜ್ಜಿಮನೆ
ಒಂದೇ ದಿನಕ್ಕೆ ಹೋಗಿದ್ದವರಲ್ಲಿ ನಾನೂ ಒಬ್ಬಳು. ಜೂನ್‌ನಲ್ಲಿ, ನಾಟಿ ಹೊತ್ತು. ಗದ್ದೆಗೆಲ್ಲ ನೀರು ಕಟ್ಟಿರುತ್ತಾರೆ, ಕನ್ನಡಿ ತರಹ ಹೊಳೆಯುತ್ತೆ ಅಂತ ಎಲ್ಲರೂ ಹೇಳಿದ್ದರು. ಮೇಲೆ ಹೋದರೆ ಮಂಜು. ಮಂಜು ಅಂದರೆ ಎದುರಿಗೆ ನಿಂತ ಗಂಡನ ಮುಖ ಕಾಣದಷ್ಟು. ಮಳೆ ಬೇರೆ. ಎರಡು ಗಂಟೆ ಚಹಾ ಕುಡಿಯುತ್ತಾ ಕಾದೆವು, ಐದು ನಿಮಿಷ ತೆರೆ ಸರಿದ ಹಾಗೆ ಆಗಿ ಮತ್ತೆ ಮುಚ್ಚಿಕೊಂಡಿತು. ರಾತ್ರಿ ಉಳಿದಿದ್ದರೆ ಇನ್ನೊಂದು ಅವಕಾಶ ಇರುತ್ತಿತ್ತು. ನನ್ನ ಓಟು ಉಳಿಯುವುದಕ್ಕೆ, ಆದರೆ ಬೆಳಕಿಗಾಗಿ ಅಲ್ಲ, ಹವಾಮಾನಕ್ಕಾಗಿ.

ಸೆಪ್ಟೆಂಬರ್ ಕೊನೆಯಾದರೆ ಮಂಜಿನ ಕಾಟ ಕಡಿಮೆ. ಆಗ ಭತ್ತ ಹಳದಿಗೆ ತಿರುಗುತ್ತಿರುತ್ತೆ. ಕೊಯ್ಲು ಅಕ್ಟೋಬರ್‌ನಲ್ಲಿ. ಆದರೆ ಅಕ್ಟೋಬರ್ 1ರಿಂದ ಅವರ ರಾಷ್ಟ್ರೀಯ ದಿನದ ರಜೆ ವಾರ. ಆ ವಾರ ಅಪ್ಪಿತಪ್ಪಿಯೂ ಹೋಗಬೇಡಿ.

ಕೆಂಡಸಂಪಿಗೆ ೭೭
ರಜೆ ವಾರದಲ್ಲಿ ಹೋಗಿದ್ದೆ. ಕೇಬಲ್ ಕಾರ್ ಸಾಲಿನಲ್ಲೇ ಭತ್ತ ಬೆಳೆದು ಕೊಯ್ಲಾಗುತ್ತೆ.

ದೂರತೀರ
ಹಾಹಾ. ಸರಿ, 30ರ ಒಳಗೇ ಮುಗಿಸುತ್ತೇನೆ. ಉಳಿಯುವುದಕ್ಕೆ ನನಗೂ ಇಷ್ಟ. ಆದರೆ ಮೇಲಿನ ಹೋಟೆಲಿಗೆ ಲಗೇಜ್ ಹೊತ್ತುಕೊಂಡು ಮೆಟ್ಟಿಲಲ್ಲಿ ಹೋಗಬೇಕಂತೆ, ಹೌದಾ?

ಚಾರಣಪ್ರಿಯೆ
ಹೌದು, ಹಳ್ಳಿಯೊಳಗೆ ವಾಹನ ಹೋಗುವುದಿಲ್ಲ. ಬಸ್ ನಿಲ್ದಾಣದಲ್ಲೇ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಯಾವೊ ಎಂಬ ಜನಾಂಗದ ಹೆಂಗಸರು ಇರುತ್ತಾರೆ. ದೊಡ್ಡ ಸೂಟ್‌ಕೇಸನ್ನು ಬುಟ್ಟಿಗೆ ಹಾಕಿಕೊಂಡು ನಮಗಿಂತ ಮೊದಲೇ ಮೇಲೆ ತಲುಪುತ್ತಾರೆ, ಅದೂ ಅರವತ್ತು ದಾಟಿದವರು. ದೊಡ್ಡ ಲಗೇಜನ್ನು ಗುಯಿಲಿನ್ ಹೋಟೆಲಿನಲ್ಲೇ ಬಿಟ್ಟು ಒಂದು ಸಣ್ಣ ಚೀಲ ಒಯ್ಯಿರಿ.

ನಕಾಶೆ ನಂಜ
ಇವೆಲ್ಲ ಬಿಡಿ, ನಿಜವಾದ ವಿಶ್ವ ಪರಂಪರೆ ತಾಣಕ್ಕೇ ಹೋಗುತ್ತಿದ್ದೀರಿ, ಚೆನ್ನಾಗಿ ನೋಡಿಕೊಂಡು ಬನ್ನಿ. ಯುನೆಸ್ಕೋ ಪಟ್ಟಿಯಲ್ಲಿದೆ.

ಲೆನ್ಸ್‌ಲೋಕ
ಇಲ್ಲ. ಯುನೆಸ್ಕೋ ಪಟ್ಟಿಯಲ್ಲಿರುವುದು ಯುನ್ನಾನ್ ಪ್ರಾಂತ್ಯದ ಹೊಂಗ್‌ಹೆ, ಅಂದರೆ ಯುವಾನ್‌ಯಾಂಗ್ ಕಡೆಯ ಗದ್ದೆಗಳು. 2013ರಲ್ಲಿ ಸೇರಿತು. ಅದು ಹಾನಿ ಎಂಬ ಜನಾಂಗದವರು 1,300 ವರ್ಷಗಳಿಂದ ಮಾಡಿಕೊಂಡು ಬಂದ ಬೇಸಾಯ. ಐಲಾವ್ ಬೆಟ್ಟಗಳ ಇಳಿಜಾರಿನಲ್ಲಿ 16,000 ಹೆಕ್ಟೇರ್‌ಗೂ ಮೀರಿದ ಪ್ರದೇಶ, 82 ಹಳ್ಳಿಗಳು. ಲಾಂಗ್‌ಜಿ ಅದರ ಮುಂದೆ ಚಿಕ್ಕದು.

ನಕಾಶೆ ನಂಜ
ಹಾಗಾದರೆ ಲಾಂಗ್‌ಜಿಗೆ ಏನೂ ಮಾನ್ಯತೆ ಇಲ್ವಾ? ಅಲ್ಲಿ ದೊಡ್ಡ ಕಲ್ಲಿನ ಮೇಲೆ ಏನೋ ಬರೆದಿರುವ ಫೋಟೋ ನೋಡಿದ ನೆನಪು.

ಇತಿಹಾಸದ ಇಣುಕು
ಇದೆ, ಆದರೆ ಬೇರೆ ಪಟ್ಟಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಕೃಷಿ ಪರಂಪರೆ ಅಂತ ಒಂದು ಪಟ್ಟಿ ಇಟ್ಟಿದೆ. ದಕ್ಷಿಣ ಚೀನಾದ ಗುಡ್ಡಗಾಡು ಭತ್ತದ ಗದ್ದೆಗಳು ಅಂತ ನಾಲ್ಕು ಕಡೆಯವನ್ನು ಒಟ್ಟಿಗೆ 2018ರಲ್ಲಿ ಸೇರಿಸಿದರು. ಅದರಲ್ಲಿ ಲಾಂಗ್‌ಜಿಯೂ ಒಂದು. ಹೊಂಗ್‌ಹೆ ಆ ಪಟ್ಟಿಗೆ 2010ರಲ್ಲೇ ಬಂದಿತ್ತು. ಇನ್ನೊಂದು, ಇದೇ ದಾಝಾಯ್ 2022ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯಿಂದ ಉತ್ತಮ ಪ್ರವಾಸಿ ಹಳ್ಳಿ ಅನ್ನಿಸಿಕೊಂಡಿತು.

ಲಾಂಗ್‌ಜಿಯ ಇತಿಹಾಸ ಸಾಮಾನ್ಯವಾಗಿ ಯುವಾನ್ ರಾಜವಂಶದ ಕಾಲದಿಂದ, ಅಂದರೆ 13ನೇ ಶತಮಾನದ ಕೊನೆಯಿಂದ ಹೇಳುತ್ತಾರೆ. ಚಿಂಗ್ ರಾಜವಂಶದ ಆರಂಭದ ಹೊತ್ತಿಗೆ ಈಗಿರುವ ರೂಪಕ್ಕೆ ಬಂತಂತೆ. ಪಿಂಗ್‌ಆನ್ ಝುವಾಂಗ್ ಜನರ ಊರು, ದಾಝಾಯ್ ಕೆಂಪು ಯಾವೊ ಜನರ ಊರು. ಬಯಲು ನೆಲದಲ್ಲಿ ಜಾಗ ಸಿಗದವರು ಬೆಟ್ಟಕ್ಕೆ ಬಂದು ಕಟ್ಟಿದ್ದು. ಸುಮ್ನೆ ಚೆಂದಕ್ಕೆ ಯಾರೂ ಅಷ್ಟು ಎತ್ತರದಲ್ಲಿ ಗದ್ದೆ ಮಾಡುವುದಿಲ್ಲ.

ಹಾಳಿಮನೆ
ಮಲೆನಾಡಿನವನಾಗಿ ಒಂದು ಪ್ರಶ್ನೆ. ಅಷ್ಟು ಮೇಲೆ ನೀರು ಎಲ್ಲಿಂದ? ನಮ್ಮಲ್ಲಿ ಗದ್ದೆ ಇರುವುದು ಕಣಿವೆಯಲ್ಲಿ, ಗುಡ್ಡದ ನೀರು ಇಳಿದು ಬರುತ್ತೆ. ಮಕ್ಕಿ ಗದ್ದೆಗೆ ಮಳೆ ನಿಂತರೆ ನೀರಿಗೆ ಪರದಾಟ. ಇವರದು ಗುಡ್ಡದ ತುದಿಯವರೆಗೂ ಗದ್ದೆ. ಪಂಪ್ ಇಟ್ಟಿದ್ದಾರಾ?

ಇತಿಹಾಸದ ಇಣುಕು
ತುದಿಯವರೆಗೂ ಇಲ್ಲ, ಅದೇ ಗುಟ್ಟು. ಫೋಟೋದಲ್ಲಿ ಗದ್ದೆ ಮಾತ್ರ ಕಾಣುತ್ತೆ. ಗದ್ದೆಗಳ ಮೇಲೆ, ನೆತ್ತಿಯಲ್ಲಿ ಕಾಡು ಬಿಟ್ಟಿರುತ್ತಾರೆ. ಆ ಕಾಡು ಮಳೆಯನ್ನೂ ಮಂಜನ್ನೂ ಹಿಡಿದಿಟ್ಟುಕೊಂಡು ಒರತೆಯಾಗಿ ಬಿಡುತ್ತೆ. ಅಲ್ಲಿಂದ ಕಾಲುವೆ, ಬಿದಿರಿನ ಕೊಳವೆ. ಮೇಲಿನ ಗದ್ದೆ ತುಂಬಿ ಕೆಳಗಿನದಕ್ಕೆ. ಪಂಪ್ ಬೇಕಿಲ್ಲ.

ಯುವಾನ್‌ಯಾಂಗ್‌ನಲ್ಲಿ ಇದು ಇನ್ನೂ ಕಟ್ಟುನಿಟ್ಟು. ಮೇಲೆ ಕಾಡು, ಅದರ ಕೆಳಗೆ ಹಳ್ಳಿ, ಹಳ್ಳಿಯ ಕೆಳಗೆ ಗದ್ದೆ, ತಳದಲ್ಲಿ ನದಿ. ಹಳ್ಳಿಯ ಗೊಬ್ಬರವೂ ನೀರಿನ ಜೊತೆ ತಾನೇ ಗದ್ದೆಗೆ ಇಳಿಯುತ್ತೆ. ಕಾಲುವೆ ಕವಲೊಡೆಯುವ ಕಡೆ ಒಂದು ಮರದ ದಿಮ್ಮಿ ಅಥವಾ ಕಲ್ಲು ಅಡ್ಡ ಇಟ್ಟು, ಅದರಲ್ಲಿ ಬೇರೆ ಬೇರೆ ಅಗಲದ ಕಚ್ಚು ಕೊರೆದಿರುತ್ತಾರೆ. ಯಾರಿಗೆ ಎಷ್ಟು ನೀರು ಅನ್ನುವುದು ಆ ಕಚ್ಚಿನ ಅಗಲದಲ್ಲೇ ತೀರ್ಮಾನ. ಕಾಲುವೆ ನೋಡಿಕೊಳ್ಳುವವನಿಗೆ ಊರಿನವರೇ ಭತ್ತ ಕೊಡುವ ಪದ್ಧತಿಯೂ ಇದೆ.

ಹಾಳಿಮನೆ
ಕಚ್ಚಿನ ಉಪಾಯ ಚೆನ್ನಾಗಿದೆ. ನಮ್ಮೂರಲ್ಲಿ ರಾತ್ರಿ ಹೋಗಿ ಪಕ್ಕದವನ ಕಂಡಿ ಮುಚ್ಚಿ ಬರುತ್ತಾರೆ.

ತುಂಗಾತೀರದ ತರಲೆ
"ಬರುತ್ತಾರೆ" ಅಂತೆ. ನೀವು ಬ್ಯಾಟರಿ ಹಿಡಿದು ಹೋಗಿದ್ದನ್ನು ಊರೇ ನೋಡಿದೆ 😄

ಗೊರಬು
ನನ್ನ ಹೆಸರಿಗೆ ತಕ್ಕ ಕತೆ ಒಂದಿದೆ. ಲಾಂಗ್‌ಜಿಯವರು ಎಲ್ಲ ಪ್ರವಾಸಿಗರಿಗೂ ಹೇಳುವಂಥದ್ದು. ಒಬ್ಬ ರೈತ ಸಂಜೆ ಕೆಲಸ ಮುಗಿಸಿ ತನ್ನ ಗದ್ದೆಗಳನ್ನು ಎಣಿಸುತ್ತಾನೆ. ಎಷ್ಟು ಸಲ ಎಣಿಸಿದರೂ ಒಂದು ಕಡಿಮೆ. ಸಾಕಾಗಿ ಮನೆಗೆ ಹೊರಡಲು ನೆಲದ ಮೇಲಿಟ್ಟಿದ್ದ ಹುಲ್ಲಿನ ಮಳೆಗೊಪ್ಪೆ, ನಮ್ಮ ಗೊರಬಿನಂಥದ್ದು, ಎತ್ತಿದರೆ, ಅದರ ಅಡಿಯಲ್ಲಿತ್ತಂತೆ ಕಳೆದುಹೋದ ಗದ್ದೆ. ಕಪ್ಪೆ ಒಂದು ಸಲ ನೆಗೆದರೆ ಮೂರು ಗದ್ದೆ ದಾಟುತ್ತೆ ಅಂತಲೂ ಹೇಳುತ್ತಾರೆ. ಕೆಲವು ಗದ್ದೆಗಳಲ್ಲಿ ನಿಜವಾಗಿಯೂ ಎರಡು ಮೂರು ಸಾಲು ಸಸಿ ಅಷ್ಟೇ ಹಿಡಿಸುತ್ತೆ.

ನಮ್ಮಜ್ಜಿ ಗೊರಬು ಹಾಕಿಕೊಂಡೇ ನಾಟಿಗೆ ಹೋಗುತ್ತಿದ್ದರು. ಈ ಕತೆ ಹೇಳಿದಾಗ ಅವರು ನಗಲಿಲ್ಲ. "ಅಷ್ಟು ಸಣ್ಣದಕ್ಕೆ ಉಳುವ ಎತ್ತು ತಿರುಗುವುದು ಎಲ್ಲಿ?" ಅಂತ ಕೇಳಿದರು.

ಕಾಫಿತೋಟ
ಅಜ್ಜಿಯ ಪ್ರಶ್ನೆಯೇ ಸರಿಯಾದ ಪ್ರಶ್ನೆ. ತಿರುಗುವುದಿಲ್ಲ. ದೊಡ್ಡ ಯಂತ್ರ ಅಲ್ಲಿ ಇಳಿಯಲಾರದು. ಕೈಯಲ್ಲಿ ತಳ್ಳುವ ಸಣ್ಣ ಟಿಲ್ಲರ್, ಕುದುರೆ ಇಲ್ಲವೇ ಕೋಣ, ಅದೂ ಆಗದ ಕಡೆ ಗುದ್ದಲಿ. ವರ್ಷಕ್ಕೆ ಒಂದೇ ಬೆಳೆ. ಲೆಕ್ಕ ಹಾಕಿದರೆ ಆ ಭತ್ತದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಹುಡುಗರೆಲ್ಲ ಗುವಾಂಗ್‌ಡಾಂಗ್ ಕಾರ್ಖಾನೆಗಳಿಗೆ ಹೋಗಿದ್ದರು. ನಮ್ಮ ಕೊಡಗಿನಲ್ಲೂ ಅದೇ ಕತೆ. ಕೂಲಿ ದುಬಾರಿ, ಆನೆ ಕಾಟ, ಗದ್ದೆ ಪಾಳು ಬಿದ್ದಿದೆ, ಇಲ್ಲವೇ ಶುಂಠಿಗೆ ಕೊಟ್ಟಾಗಿದೆ.

ವ್ಯತ್ಯಾಸ ಏನೆಂದರೆ ದಾಝಾಯ್‌ನವರು ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಪ್ರವೇಶ ಟಿಕೆಟ್ ಮತ್ತು ಕೇಬಲ್ ಕಾರ್ ದುಡ್ಡಿನಲ್ಲಿ ಹಳ್ಳಿಗೆ ಪಾಲು. ವರ್ಷದ ಕೊನೆಗೆ ಊರ ನಡುವೆ ಮೇಜಿನ ಮೇಲೆ ನೋಟಿನ ಕಟ್ಟು ಪೇರಿಸಿ ಹಂಚುವುದು ಅಲ್ಲಿನ ಪತ್ರಿಕೆಗಳಲ್ಲೆಲ್ಲ ಬರುತ್ತೆ. ಗದ್ದೆ ನಾಟಿ ಮಾಡಿದವರಿಗೆ ಪಾಲು. ಪಾಳು ಬಿಟ್ಟವರಿಗೆ ಕಡಿತ. ಭತ್ತ ಮಾರಿ ಬದುಕುತ್ತಿಲ್ಲ, ಭತ್ತ ಬೆಳೆಯುವುದನ್ನು ತೋರಿಸಿ ಬದುಕುತ್ತಿದ್ದಾರೆ.

ಸೀದಾ ಮಾತು
ಅಂದರೆ ಅದು ಬೇಸಾಯವೇ ಅಲ್ಲ, ನಾಟಕ. ಪ್ರವಾಸಿಗರಿಗಾಗಿ ಗದ್ದೆ ನೆಡುವುದು. ಇದಕ್ಕೆ ಪರಂಪರೆ ಅಂತ ಹೆಸರು ಬೇರೆ.

ಕಾಫಿತೋಟ
ಅಲ್ಲಿನ ಜನ ಆ ಅಕ್ಕಿಯನ್ನೇ ಉಣ್ಣುತ್ತಾರೆ, ಅದರಿಂದಲೇ ಮದ್ಯ ಮಾಡುತ್ತಾರೆ. ನೀರು ನಿಜ, ಕೆಸರು ನಿಜ, ಬೆನ್ನುನೋವು ನಿಜ. ದುಡ್ಡು ಬಂದ ದಾರಿ ಮಾತ್ರ ಬೇರೆ. ನಿಮ್ಮ ಪ್ರಕಾರ ರೈತ ಬಡವನಾಗಿದ್ದರೆ ಮಾತ್ರ ಅಸಲಿಯಾ?

ಸೀದಾ ಮಾತು
ಹಾಗೆ ಹೇಳಲಿಲ್ಲ. ಟಿಕೆಟ್ ದುಡ್ಡು ನಿಂತ ವರ್ಷ ಯಾರು ನೆಡುತ್ತಾರೆ ಅಂತ ಕೇಳುತ್ತಿದ್ದೇನೆ. ಕೊರೊನಾ ಬಂದಾಗ ಇಡೀ ಜಗತ್ತಿನ ಪ್ರವಾಸ ನಿಂತಿತ್ತು. ಒಂದೇ ಕಂಬದ ಮೇಲೆ ಮನೆ ಕಟ್ಟಿದ ಹಾಗಾಗಲಿಲ್ವಾ?

ಹಾಳಿಮನೆ
ಇದು ನ್ಯಾಯವಾದ ಮಾತು. ಆದರೆ ನಮ್ಮಲ್ಲಿ ಆ ಒಂದು ಕಂಬವೂ ಇಲ್ಲ. ನಮ್ಮ ಗದ್ದೆಗಳೆಲ್ಲ ಅಡಿಕೆ ತೋಟ ಆಗಿವೆ. ಗದ್ದೆಯಲ್ಲಿ ನಾಲ್ಕು ತಿಂಗಳು ನೀರು ನಿಂತು ಕೆಳಗಿನ ಬಾವಿ ತುಂಬುತ್ತಿತ್ತು. ಈಗ ಏಪ್ರಿಲ್‌ಗೆ ಬಾವಿ ತಳ ಕಾಣುತ್ತೆ. ಆ ಲಾಭಕ್ಕೆ ಬೆಲೆ ಕಟ್ಟಿ ರೈತನಿಗೆ ಕೊಡುವವರು ಯಾರೂ ಇಲ್ಲ. ಅವರು ನೋಟಕ್ಕಾದರೂ ಬೆಲೆ ಕಟ್ಟಿದರಲ್ಲ.

ಕೆಂಡಸಂಪಿಗೆ ೭೭
ನಮ್ಮೂರಲ್ಲಿ ಟಿಕೆಟ್ ಇಟ್ಟರೆ ರೀಲ್ಸ್ ಮಾಡುವವರು ಅಂಚು ತುಳಿದು ಕುಸಿಸುತ್ತಾರೆ. ಆಮೇಲೆ ಪಾಲು ಹಂಚಲು ಒಂದು ಸಮಿತಿ. ಆಮೇಲೆ ಸಮಿತಿಗೆ ಚುನಾವಣೆ.

ಅಜ್ಜಿಮನೆ
ಬಂಡವಾಳ, ಅಂಚು ಎಲ್ಲ ಸರಿ, ಅವರಮ್ಮ ಊಟಕ್ಕೆ ಏನು ಮಾಡಬೇಕು ಅಂತ ಯಾರಾದರೂ ಹೇಳುತ್ತೀರಾ?

ಬಯಲುಸೀಮೆ ಹೈದ
ಬಿದಿರಿನ ಅನ್ನ! ಹಸಿ ಬಿದಿರಿನ ತುಂಡಿಗೆ ಅಕ್ಕಿ ತುಂಬಿ ಕೆಂಡದ ಮೇಲೆ ಸುಡುತ್ತಾರೆ. ಹೊರಗೆ ಕಪ್ಪಗಾದ ಬಿದಿರನ್ನು ಸೀಳಿಕೊಡುತ್ತಾರೆ. ಲಾಂಗ್‌ಜಿಗೆ ಹೋಗಿ ಅದನ್ನು ತಿನ್ನದೆ ಬರಬಾರದು.

ಅಜ್ಜಿಮನೆ
ಅದರೊಳಗೆ ಒಣಗಿಸಿದ ಹಂದಿ ಮಾಂಸದ ಚೂರು ಹಾಕುವುದೇ ಹೆಚ್ಚು. ಮೊದಲೇ ಹೇಳಬೇಕು. ಅಣಬೆ, ಕೆಸುವಿನ ಗಡ್ಡೆ ಹಾಕಿ ಮಾಡಿಕೊಡಿ ಅಂದರೆ ಮಾಡುತ್ತಾರೆ. ಆದರೆ ಬೇಯಲು ಹೊತ್ತು ಹಿಡಿಯುತ್ತೆ, ಹಾಗಾಗಿ ಕೇಬಲ್ ಕಾರ್ ಹತ್ತುವ ಮೊದಲೇ ಹೇಳಿ ಹೋಗಿ. ಪಲ್ಯಕ್ಕೆ ಹಂದಿ ಕೊಬ್ಬು ಹಾಕುವ ಅಭ್ಯಾಸ ಆ ಕಡೆ ಇದೆ. ಮಾಂಸ ಬೇಡ ಅಂದರೆ ಸಾಲದು, ಕೊಬ್ಬೂ ಬೇಡ, ಮಾಂಸದ ಸಾರೂ ಬೇಡ, ಮೊಟ್ಟೆಯೂ ಬೇಡ ಅಂತ ಚೀನೀ ಅಕ್ಷರದಲ್ಲಿ ಬರೆದು ತೋರಿಸಿ. ಗುಯಿಲಿನ್‌ನ ಹೆಸರಾಂತ ಅಕ್ಕಿ ಶ್ಯಾವಿಗೆಯೂ ಅಷ್ಟೇ, ಸಾರು ಮೂಳೆಯದು. ಚಟ್ನಿಪುಡಿ, ಅವಲಕ್ಕಿ ಚೀಲದಲ್ಲಿರಲಿ.

ದೂರತೀರ
ಚೀನೀ ಓದಲು ಬರೆಯಲು ಸ್ವಲ್ಪ ಬರುತ್ತೆ, ಅದೊಂದು ಧೈರ್ಯ. ಅವಲಕ್ಕಿ ಈಗಾಗಲೇ ಅಮ್ಮನ ಸೂಟ್‌ಕೇಸ್ ಸೇರಿದೆಯಂತೆ. ಅಪ್ಪನಿಗೆ ಆಸಕ್ತಿ ಇರುವುದು 20 ಯುವಾನ್ ನೋಟಿನ ಮೇಲಿನ ಬೆಟ್ಟದಲ್ಲಿ. ಅದೂ ಆ ಕಡೆಯೇ ಅಲ್ವಾ?

ನಕಾಶೆ ನಂಜ
ಹೌದು, ಲಿ ನದಿ, ಶಿಂಗ್‌ಪಿಂಗ್ ಹತ್ತಿರ. ಆದರೆ ಅದು ಗುಯಿಲಿನ್‌ಗೆ ದಕ್ಷಿಣಕ್ಕೆ. ಲಾಂಗ್‌ಜಿ ಉತ್ತರಕ್ಕೆ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಗುವಾಂಗ್‌ಝೌಗೆ ವಾಪಸ್ ಹೋಗುವಾಗ ಯಾಂಗ್‌ಶುವೊ ನಿಲ್ದಾಣದಿಂದ ರೈಲು ಹತ್ತಿ. ಆ ನಿಲ್ದಾಣ ಶಿಂಗ್‌ಪಿಂಗ್ ಪಕ್ಕದಲ್ಲೇ ಇದೆ, ಯಾಂಗ್‌ಶುವೊ ಪೇಟೆಯಲ್ಲಲ್ಲ. ಇನ್ನೊಂದು, ಗುಯಿಲಿನ್ ಹೆಸರಿನಲ್ಲೇ ಉತ್ತರ, ಪಶ್ಚಿಮ ಅಂತ ಬೇರೆ ಬೇರೆ ನಿಲ್ದಾಣಗಳಿವೆ. ಟಿಕೆಟ್ ನೋಡಿಕೊಂಡು ಇಳಿಯಿರಿ.

ಹೊಸಬ ಹೊನ್ನಪ್ಪ
ನಡುವೆ ಬಾಯಿ ಹಾಕುತ್ತಿದ್ದೇನೆ. ಬೆಂಗಳೂರಿನಿಂದ ಹೋಗುವವರಿಗೆ ವೀಸಾ ಹೇಗೆ? 240 ಗಂಟೆ ವೀಸಾ ಇಲ್ಲದೆ ಇರಬಹುದು ಅಂತ ಎಲ್ಲೋ ಓದಿದೆ.

ನಕಾಶೆ ನಂಜ
ಆ ಪಟ್ಟಿಯಲ್ಲಿ ಭಾರತ ಇಲ್ಲ. ನಮಗೆ ವೀಸಾ ಬೇಕೇ ಬೇಕು. ವಿಮಾನದ ವಿಷಯದಲ್ಲಿ ಈಗ ಸಲೀಸು. 2020ರಲ್ಲಿ ನಿಂತಿದ್ದ ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತ–ಗುವಾಂಗ್‌ಝೌ ಮಾರ್ಗದಲ್ಲಿ ಮತ್ತೆ ಶುರುವಾಯಿತು. ಗುವಾಂಗ್‌ಝೌದಿಂದ ಗುಯಿಲಿನ್‌ಗೆ ವೇಗದ ರೈಲಿನಲ್ಲಿ ಮೂರು ಗಂಟೆ ಹಿಡಿಯಿರಿ. ರೈಲು ಟಿಕೆಟ್‌ಗೂ ಪಾಸ್‌ಪೋರ್ಟೇ ಗುರುತು. ಫೋನಿಗೆ ಅಲಿಪೇ ಎಂಬ ಪಾವತಿ ಆ್ಯಪ್ ಹಾಕಿಕೊಂಡು ಕಾರ್ಡ್ ಜೋಡಿಸಿ. ಬೆಟ್ಟದ ಮೇಲೆ ಜೋಳ ಸುಟ್ಟು ಮಾರುವ ಅಜ್ಜಿಯ ಹತ್ತಿರವೂ ಕ್ಯೂಆರ್ ಇರುತ್ತೆ.

ಗೊರಬು
ದಾರಿಯಲ್ಲಿ ಹುವಾಂಗ್‌ಲುವೊ ಅಂತ ಉದ್ದ ಕೂದಲಿನ ಹೆಂಗಸರ ಊರು ಬರುತ್ತೆ. ಪ್ಯಾಕೇಜ್ ಬಸ್ಸಾದರೆ ಅಲ್ಲಿ ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಕೂದಲು ಬಿಚ್ಚಿ, ಬಾಚಿ, ಸುತ್ತಿ ತೋರಿಸುವ ಪ್ರದರ್ಶನ. ನನಗೆ ಇಷ್ಟವಾಗಲಿಲ್ಲ.

ಚಾರಣಪ್ರಿಯೆ
ನನಗೆ ಇಷ್ಟವಾಯಿತು. ಅಕ್ಕಿ ತೊಳೆದ ನೀರನ್ನು ಹುಳಿ ಬರಿಸಿ ಅದರಲ್ಲೇ ತಲೆ ತೊಳೆಯುತ್ತಾರೆ. ಹದಿನೆಂಟರ ಹೊತ್ತಿಗೆ ಒಂದು ಸಲ ಕತ್ತರಿಸುವುದು ಬಿಟ್ಟರೆ ಕತ್ತರಿ ಮುಟ್ಟಿಸುವುದಿಲ್ಲ. ಕತ್ತರಿಸಿದ್ದನ್ನೂ ಎಸೆಯದೆ ತುರುಬಿನಲ್ಲಿ ಸೇರಿಸಿ ಸುತ್ತುತ್ತಾರೆ. ಹಣೆಯ ಮುಂದೆ ಗಂಟು ಇದ್ದರೆ ಮದುವೆಯಾಗಿ ಮಕ್ಕಳಿವೆ ಅಂತ ಅರ್ಥ.

ಸೀದಾ ಮಾತು
ಮೊದಲು ಗಂಡ ಮಕ್ಕಳ ಹೊರತು ಯಾರಿಗೂ ಬಿಚ್ಚಿದ ಕೂದಲು ತೋರಿಸಬಾರದು ಅಂತ ಕಟ್ಟಳೆ ಇತ್ತು. ಈಗ ದಿನಕ್ಕೆ ಎಷ್ಟು ಆಟವೋ. ನೋಡಿ, ನಾನು ನಾಟಕ ಅಂದಾಗ ಎಲ್ಲರೂ ಮೇಲೆ ಬಿದ್ದಿರಿ.

ಚಾರಣಪ್ರಿಯೆ
ಕಟ್ಟಳೆ ಮುರಿದವರು ಆ ಹೆಂಗಸರೇ. ದುಡ್ಡು ಅವರ ಮನೆಗೇ ಹೋಗುತ್ತೆ. ಕಟ್ಟಳೆ ಇದ್ದಾಗ ಅವರನ್ನು ಯಾರಾದರೂ ಕೇಳಿದ್ದರಾ?

ತುಂಗಾತೀರದ ತರಲೆ
ಹುಳಿ ಬರಿಸಿದ ಅಕ್ಕಿ ನೀರಿನ ಪಾಕವಿಧಾನ ಯಾರಾದರೂ ಕೊಡಿ. ನನಗಲ್ಲ, ಗೆಳೆಯನೊಬ್ಬನಿಗೆ.

ದೂರತೀರ
ಹೋಗಿ ಬಂದೆವು! ತಿಂಗಳು ಮುಗಿಯುವ ಮೊದಲೇ, ವಾರದ ನಡುವೆ. ಕೊನೆಗೆ ಒಂದೇ ದಿನದ ಪ್ರವಾಸವನ್ನೇ ಮಾಡಿದೆವು. ಉಳಿಯಲು ಅಪ್ಪ ಒಪ್ಪಲಿಲ್ಲ. ಕಾರು ಗೊತ್ತು ಮಾಡಿದ್ದರಿಂದ ಬಸ್ ಬದಲಿಸುವ ತಾಪತ್ರಯ ಇರಲಿಲ್ಲ. ಟಿಕೆಟ್ ತಲೆಗೆ 80 ಯುವಾನ್ ಇತ್ತು, ವಯಸ್ಸಾದವರಿಗೆ ಕಡಿಮೆ ಮಾಡುತ್ತಾರೆ, ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಕೇಬಲ್ ಕಾರ್‌ಗೆ ಬೇರೆ ದುಡ್ಡು. ಸಾಲೇ ಇರಲಿಲ್ಲ.

ಮೇಲೆ ಹೋದಾಗ ಎಳೆ ಬಿಸಿಲು. ಮೇಲಿನ ಗದ್ದೆಗಳು ಇನ್ನೂ ಅರೆ ಹಸಿರು, ಕೆಳಗಿನವು ಪೂರ್ತಿ ಹಳದಿ. ಕೆಳಗೆ ಬೇಗ ಬಲಿಯುತ್ತೆ ಅಂತ ಅಮ್ಮ ನೋಡಿದ ಕೂಡಲೇ ಹೇಳಿದರು. ಅಪ್ಪ ಚಹಾ ಕುಡಿಯುತ್ತಾ ಕೂತರು. ಲಾಂಗ್‌ಜಿ ಚಹಾ, ಲಾಂಗ್‌ಜಿ ಮೆಣಸಿನಕಾಯಿ ಅಂತ ಅಲ್ಲಿ ಹೆಮ್ಮೆಯಿಂದ ಮಾರುತ್ತಾರೆ. ಅಮ್ಮ ಮೆಣಸಿನಕಾಯಿ ಮೂಸಿ ನೋಡಿ ಎರಡು ಪೊಟ್ಟಣ ಕೊಂಡರು.

ಆಮೇಲೆ ನಡೆದದ್ದು ಯಾವ ವಿಡಿಯೊದಲ್ಲೂ ಇಲ್ಲ. ವೀಕ್ಷಣೆ ಜಾಗದಲ್ಲಿ ಐದು ನಿಮಿಷ ನಿಂತವರು "ಇಲ್ಲಿಂದ ಏನೂ ಗೊತ್ತಾಗುವುದಿಲ್ಲ" ಅಂತ ಪಕ್ಕದ ಕಾಲುದಾರಿ ಹಿಡಿದು ಗದ್ದೆ ಅಂಚಿಗೇ ಹೋದರು. ಮೊಣಕಾಲು ನೋವು ಎಲ್ಲಿಗೆ ಹೋಯಿತೋ. ಅಂಚು ಹೆಚ್ಚಿನ ಕಡೆ ಬರೀ ಮಣ್ಣಿನದು, ಕೆಲವು ಕಡೆ ಮಾತ್ರ ಕಲ್ಲು. ಅಗಲ ಒಂದು ಪಾದದಷ್ಟು. ಅಮ್ಮ ಬಗ್ಗಿ ಕಂಡಿ ನೋಡಿದರು. ಮೇಲಿನ ಗದ್ದೆಯ ನೀರು ನೇರ ಕೆಳಗೆ ಬಿದ್ದರೆ ಅಂಚು ಕೊರೆಯುತ್ತೆ ಅಂತ ಸೀಳು ಬಿದಿರು ಚಾಚಿ ನೀರನ್ನು ದೂರಕ್ಕೆ ಬೀಳಿಸಿದ್ದರು. "ಇದು ನಮಗೆ ಹೊಳೆದಿರಲಿಲ್ಲ ನೋಡು" ಅಂದರು.

ಅಲ್ಲೊಬ್ಬ ಯಾವೊ ಹೆಂಗಸು ಹುಲ್ಲು ಸವರುತ್ತಿದ್ದರು. ನಾನು ನಡುವೆ ನಿಂತು ಅನುವಾದ ಮಾಡಿದೆ. ಅಮ್ಮ ಕೇಳಿದ್ದು: ಏಡಿ ಅಂಚಿಗೆ ತೂತು ಮಾಡಿದರೆ ಏನು ಮಾಡುತ್ತೀರಿ? ಅವರಿಗೆ ನಗು. ಏಡಿಯಲ್ಲ, ಇಲಿ ಮತ್ತು ಮಣ್ಣುಹುಳ ನಮ್ಮ ಕಾಟ ಅಂದರು. ಒಂದು ತೂತು ಹಾಗೇ ಬಿಟ್ಟರೆ ಕೆಳಗಿನ ಎಷ್ಟೋ ಗದ್ದೆ ಕುಸಿಯುತ್ತೆ, ಅದಕ್ಕೇ ವಸಂತದಲ್ಲಿ ನೀರು ಕಟ್ಟುವ ಮೊದಲು ಅಂಚಿಗೆಲ್ಲ ಹೊಸ ಕೆಸರು ಮೆತ್ತುತ್ತೇವೆ ಅಂದರು. ಅಮ್ಮ "ನಾವೂ ಹಾಗೇ" ಅಂದು ತಮ್ಮ ಕೈ ತೋರಿಸಿದರು. ಆಮೇಲೆ ನನ್ನ ಅನುವಾದ ಇಬ್ಬರಿಗೂ ಬೇಕಾಗಲಿಲ್ಲ, ಕೈಸನ್ನೆಯಲ್ಲೇ ಅರ್ಧ ಗಂಟೆ.

@ಸೀದಾ ಮಾತು, ನಿಮ್ಮ ಪ್ರಶ್ನೆಯನ್ನೂ ಕೇಳಿದೆ. ಟಿಕೆಟ್ ದುಡ್ಡು ಬರದಿದ್ದರೆ ನೆಡುತ್ತೀರಾ ಅಂತ. ನಾನು ನೆಡುತ್ತೇನೆ, ನನ್ನ ಮಗ ನೆಡುವುದಿಲ್ಲ ಅಂದರು. ಮಗ ಕೆಳಗೆ ಹೋಟೆಲ್ ನಡೆಸುತ್ತಾನಂತೆ.

ಸೀದಾ ಮಾತು
ಕೇಳಿದ್ದಕ್ಕೆ ಥ್ಯಾಂಕ್ಸ್. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಕಾಫಿತೋಟ
ನನ್ನ ವಾದಕ್ಕೂ ಅದೇ ಸಾಕ್ಷಿ. ಮಗ ಗುವಾಂಗ್‌ಡಾಂಗ್‌ಗೆ ಹೋಗದೆ ಊರಲ್ಲೇ ಇದ್ದಾನೆ. ಗದ್ದೆ ಒಣಗಿದರೆ ಅವನ ಹೋಟೆಲಿಗೆ ಗಿರಾಕಿ ಇಲ್ಲ. ಹಾಗಾಗಿ ತಾನು ಇಳಿಯದಿದ್ದರೂ ಕೂಲಿ ಕೊಟ್ಟು ನೆಡಿಸುತ್ತಾನೆ.

ಹಾಳಿಮನೆ
ಸೀಳು ಬಿದಿರಿನ ಉಪಾಯ ನಮ್ಮ ಕಡೆಯೂ ಇತ್ತು ಮಾರಾಯ್ರೇ, ಅಡಿಕೆ ದಬ್ಬೆ ಇಡುತ್ತಿದ್ದರು. ನಿಮ್ಮಮ್ಮನ ಊರಲ್ಲಿ ಇರಲಿಲ್ಲವೇನೋ.

ದೂರತೀರ
ಅಮ್ಮನಿಗೆ ಓದಿ ಹೇಳಿದೆ. "ಅವರದು ಯಾವ ಊರು ಕೇಳು" ಅಂದರು. ಉತ್ತರ ಕೊಡುವ ಮೊದಲು ಯೋಚಿಸಿ.

ಅಜ್ಜಿಮನೆ
ಊಟ ಏನಾಯಿತು?

ದೂರತೀರ
ಬಿದಿರಿನ ಅನ್ನ, ಅಣಬೆ ಹಾಕಿದ್ದು. ಜೊತೆಗೆ ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ನಿಮ್ಮ ಮಾತಿನಂತೆ ಕೊಬ್ಬು ಬೇಡ ಅಂತ ಬರೆದು ತೋರಿಸಿದ್ದೆ. ಅಪ್ಪ ಚಟ್ನಿಪುಡಿ ಕಲಸಿಕೊಂಡು ಎರಡು ಬಿದಿರು ಖಾಲಿ ಮಾಡಿದರು.

ಹೊಸಬ ಹೊನ್ನಪ್ಪ
ನನಗೆ ರಜೆ ಸಿಗುವುದು ಡಿಸೆಂಬರ್‌ನಲ್ಲಿ. ಆಗ ಲಾಂಗ್‌ಜಿ ಹೇಗಿರುತ್ತೆ?

ಚಾರಣಪ್ರಿಯೆ
ಕೊಯ್ಲು ಮುಗಿದು ಕೂಳೆ ಮಾತ್ರ. ಚಳಿ ಜೋರು. ಹಿಮ ಬಿದ್ದರೆ ಗದ್ದೆ ಅಂಚುಗಳೆಲ್ಲ ಬಿಳಿ ಗೆರೆಗಳಾಗಿ ಬಹಳ ಚೆನ್ನಾಗಿರುತ್ತೆ, ಆದರೆ ಹಿಮ ನಮ್ಮ ರಜೆ ನೋಡಿಕೊಂಡು ಬೀಳುವುದಿಲ್ಲ.

ಲೆನ್ಸ್‌ಲೋಕ
ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಯುವಾನ್‌ಯಾಂಗ್. ಅಲ್ಲಿ ಕೊಯ್ಲಾದ ಮೇಲೆ ಚಳಿಗಾಲ ಪೂರ್ತಿ ಗದ್ದೆಯಲ್ಲಿ ನೀರು ನಿಲ್ಲಿಸಿಟ್ಟಿರುತ್ತಾರೆ. ಮಣ್ಣು ಒಣಗಿ ಬಿರುಕು ಬಿಟ್ಟರೆ ಅಂಚು ಜಾರುತ್ತೆ, ಅದಕ್ಕೆ. ನೋಡುವ ಜಾಗಗಳು ಬೆಳಗ್ಗೆ ದುವೊಯಿಶು, ಸಂಜೆ ಲಾವ್‌ಹುಝುಯಿ, ಅಂದರೆ ಹುಲಿಬಾಯಿ. ಒಂದು ದಿನದಲ್ಲಿ ಆಗುತ್ತಾ ಅಂತ ಮಾತ್ರ ಕೇಳಬೇಡಿ.

ಹೊಸಬ ಹೊನ್ನಪ್ಪ
ಒಂದು ದಿನದಲ್ಲಿ ಆಗುತ್ತಾ?

ಲೆನ್ಸ್‌ಲೋಕ
ಇಲ್ಲ!! ಕುನ್‌ಮಿಂಗ್‌ನಿಂದಲೇ ಸುಮಾರು 300 ಕಿಲೋಮೀಟರ್. ಜಿಯಾನ್‌ಶುಯಿವರೆಗೆ ರೈಲು, ಅಲ್ಲಿಂದ ಬಸ್ಸು. ಕನಿಷ್ಠ ಎರಡು ರಾತ್ರಿ ಇಟ್ಟುಕೊಳ್ಳಿ. ಬೇರೆ ಥ್ರೆಡ್ ಶುರು ಮಾಡಿ, ಹೋಟೆಲ್ ಯಾವ ಹಳ್ಳಿಯಲ್ಲಿ ಮಾಡಬೇಕು ಅಂತ ಅಲ್ಲಿ ಹೇಳುತ್ತೇನೆ. ಇಲ್ಲಿ ಈಗ ಅಡಿಕೆ ದಬ್ಬೆ ಜಗಳ ಶುರುವಾಗುತ್ತೆ.